ಚೋಟಕ್ಕನ ಶಾರ್ಕು, ಅತ್ತೆಯ ಮರ

ನನ್ನ ಓರಗಿತ್ತಿ ನಮ್ಮ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನ ಅವಳ ಹಿಂದೆಯೇ ಏಳು ಬೆಕ್ಕುಗಳೂ ಬಂದವು. ನಾನು ಸುಳ್ಳು ಹೇಳುತ್ತಿಲ್ಲ, ಎಣಿಸಿದವರು ಅತ್ತೆ. ಬಸ್ ನಿಲ್ದಾಣದಿಂದ ನಮ್ಮ ಬೀದಿಯವರೆಗೆ ಮೈದುನ ತಲೆಯ ಮೇಲೆ ತಗಡಿನ ಪೆಟ್ಟಿಗೆ ಹೊತ್ತು ಮುಂದೆ, ಅವನ ಭುಜಕ್ಕೂ ಬಾರದ ಹೆಂಡತಿ ಪಕ್ಕದಲ್ಲಿ, ಬಾಲ ನಿಮಿರಿಸಿಕೊಂಡ ಬೆಕ್ಕುಗಳು ಹಿಂದೆ. ಅತ್ತೆ ಬಾಗಿಲಲ್ಲಿ ನಿಂತು ಬೆರಳು ಮಡಿಚುತ್ತಾ ಎಣಿಸಿದರು. ಏಳನೆಯದು ಮುಗಿಯುವ ಹೊತ್ತಿಗೆ ಹುಡುಗಿ ಮೆಟ್ಟಿಲ ಬಳಿ ಬಂದಾಗಿತ್ತು.

"ಇವರೆಲ್ಲ ನಿನ್ನ ತೌರಿನ ಕಡೆಯವರಾ?" ಎಂದು ಕೇಳಿದರು ಅತ್ತೆ.

"ಇಲ್ಲ ಅತ್ತೆ, ನಿಮ್ಮ ಬೀದಿಯವರೇ. ಬಸ್ಸಿಳಿದ ಮೇಲೆ ಪರಿಚಯ ಆಯ್ತು," ಎಂದಳು ಅವಳು.

ಅದೇ ಮನೆಯಲ್ಲಿ ಆರು ವರ್ಷ ತುಟಿ ಪಿಟಕ್ಕೆನ್ನದೆ ಕಳೆದಿದ್ದ ಹಿರಿಸೊಸೆ ನಾನು. ಒಳಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅದು ಭಯವೋ ಹೊಟ್ಟೆಕಿಚ್ಚೋ ಎಂದು ನಾನು ಇವತ್ತಿಗೂ ಸರಿಯಾಗಿ ಯೋಚಿಸಿಲ್ಲ.

ಪೆಟ್ಟಿಗೆ ತೆರೆದಾಗ ಬೆಕ್ಕುಗಳ ಗುಟ್ಟು ರಟ್ಟಾಯಿತು. ಮೇಲೆ ನಾಲ್ಕು ಜೊತೆ ಬಟ್ಟೆ. ಕೆಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಸುರುಳಿ. ಬಿಚ್ಚಿದರೆ ಹನ್ನೆರಡು ಒಣ ಚರ್ಮಗಳು. ಒಂದೊಂದೂ ನನ್ನ ತೋಳಿನಷ್ಟು ಉದ್ದ, ಬೂದಿಗೂ ಕಂದಿಗೂ ನಡುವಿನ ಬಣ್ಣ, ಮೈತುಂಬ ಮಾಸಿದ ಅಡ್ಡಪಟ್ಟೆ.

"ಏನಿದು?"

"ಶಾರ್ಕ್ ಚರ್ಮ ಅತ್ತೆ. ಮರ ಉಜ್ಜೋಕೆ. ನಮ್ಮಲ್ಲಿ ದೋಣಿ ಹಲಗೆನೆಲ್ಲ ಇದರಲ್ಲೇ ನುಣುಪು ಮಾಡ್ತಾರೆ."

"ಶಾರ್ಕು ಇಷ್ಟೇನಾ? ಮರಿಗಳನ್ನ ಹಿಡಿದು ಸುಲಿತೀರಾ ನೀವು?"

"ಮರಿ ಅಲ್ಲ, ಪೂರ್ತಿ ಬೆಳೆದದ್ದೇ. ಬಿದಿರು ಶಾರ್ಕ್ ಅಂತಾರೆ. ಇದರ ಜಾತೀನೇ ಇಷ್ಟು. ಕೆಲವರು ಬೆಳೆದ ಮೇಲೂ ಇಷ್ಟೇ ಇರ್ತಾರೆ," ಎಂದು ಅವಳು ನೆಟ್ಟಗೆ ನಿಂತಳು. ನೆಟ್ಟಗೆ ನಿಂತರೂ ಅತ್ತೆಯ ಭುಜದ ಮಟ್ಟಕ್ಕೇ ನಿಂತಳು.

ಅತ್ತೆ ಮೂಗು ಮುರಿದರು. "ಬಿದಿರು ಮರವೇ ಅಲ್ಲ, ಹುಲ್ಲು. ಹುಲ್ಲಿನ ಹೆಸರಿಟ್ಟುಕೊಂಡ ಮೀನು ತಂದು ನಮ್ಮ ಮನೆ ಮರ ಉಜ್ಜೋಕೆ ಬಂದಿದ್ದಾಳೆ!"

ಸಂಜೆಯಾಗುವಷ್ಟರಲ್ಲಿ ಬೀದಿಯವರು ಅವಳಿಗೆ ಚೋಟಕ್ಕ ಎಂದು ಹೆಸರಿಟ್ಟಿದ್ದರು. ಹೆಸರು ಕೇಳಿ ಅವಳು ಮುಖ ಗಂಟಿಕ್ಕಲಿಲ್ಲ. "ಕರೆಯೋಕೆ ಚೆನ್ನಾಗಿದೆ, ಬಾಯಿಗೂ ಹೊರೆಯಲ್ಲ," ಎಂದಳಷ್ಟೇ. ಅವಳಿಗಿಂತ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಅದನ್ನೇ ಕರೆದೆವು.

ನಮ್ಮದು ಮರಗೆಲಸದ ಮನೆ. ರಸ್ತೆಯ ಕಡೆಗೆ ಕಾರ್ಖಾನೆ. ಕಾರ್ಖಾನೆ ಎಂದರೆ ಎರಡು ಉದ್ದನೆಯ ಮೇಜು, ಗೋಡೆಗೆ ಸಾಲಾಗಿ ನೇತುಹಾಕಿದ ಉಳಿ ಗರಗಸಗಳು, ಪಾದ ಮುಳುಗುವಷ್ಟು ಹೊಟ್ಟು. ಹಿಂದುಗಡೆ ಅಡುಗೆಮನೆ, ಮಲಗುವ ಕೋಣೆಗಳು. ಎರಡರ ನಡುವೆ ಅಂಗಳ. ಆ ಅಂಗಳದಲ್ಲಿ ಅತ್ತೆಯ ಮರ. ನಮ್ಮನೆಯವರು ಕೊಯ್ದು ಜೋಡಿಸುವವರು, ಮೈದುನ ಕೆತ್ತುವವನು. ಕೊನೆಯ ನುಣುಪು ಮಾತ್ರ ಅತ್ತೆಯದು. ಮಾವ ತೀರಿಕೊಂಡ ಮೇಲೂ ಆ ಕೆಲಸವನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಸಿಗುವ, ಮರಳು ಅಂಟಿಸಿದ ಉಪ್ಪು ಕಾಗದ ನಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅದರ ಮರಳು ಉದುರಿ ಮರದೊಳಗೆ ಕೂರುತ್ತದೆ, ಕುರ್ಚಿಯ ಮೇಲೆ ಕೈಯಿಟ್ಟವರಿಗೆ ಅದು ಗೊತ್ತಾಗುತ್ತದೆ ಎಂಬುದು ಅವರ ವಾದ. ಎಷ್ಟು ಜನಕ್ಕೆ ಗೊತ್ತಾಗಿತ್ತೋ ಕಾಣೆ, ಅತ್ತೆಗಂತೂ ಗೊತ್ತಾಗುತ್ತಿತ್ತು.

ಅವರು ಉಜ್ಜುತ್ತಿದ್ದದ್ದು ಎಲೆಯಿಂದ. ಅತ್ತಿಯ ಜಾತಿಗೆ ಸೇರಿದ ಮರ ಅದು; ಡೊಂಕು ಕಾಂಡ, ನಮ್ಮ ಮಾಡಿಗಿಂತ ಸ್ವಲ್ಪವೇ ಎತ್ತರ, ನೋಡಲು ಏನೇನೂ ಚೆಂದವಿಲ್ಲ. ಆದರೆ ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆ ಮುಟ್ಟಿದ ಹಾಗೆ. ಉಜ್ಜೆಲೆ ಮರ ಎನ್ನುತ್ತಿದ್ದೆವು. ಬಲಿತ ಎಲೆ ಒರಟು ಕೆಲಸಕ್ಕೆ, ನಡುವಯಸ್ಸಿನದು ನಯ ಮಾಡುವುದಕ್ಕೆ. ಎಳೆಯದು ಯಾವ ಕೆಲಸಕ್ಕೂ ಬಾರದು. "ನಿನ್ನ ಹಾಗೆ" ಎಂದು ನಾನು ಬಂದ ಹೊಸದರಲ್ಲಿ ಅತ್ತೆ ನನಗೆ ಹೇಳಿದ್ದರು.

ಮೈದುನ ಬಂದರಿನ ಊರಿಗೆ ದೋಣಿಗಳ ಕೋಣೆಗೆ ಬಾಗಿಲು ಕೂರಿಸಲು ಹೋದಾಗ ಈ ಹುಡುಗಿ ಸಿಕ್ಕಿದ್ದು. ಅವಳೂ ಅವಳ ತಾಯಿಯೂ ಮೀನು ಒಣಗಿಸುವ ಅಂಗಳದಲ್ಲಿ ಕೆಲಸಕ್ಕಿದ್ದರು. ಒಂದು ದಿನ ಅವನ ಬಾಗಿಲ ಮೇಲೆ ಅಂಗೈ ಸವರಿ, "ಇಲ್ಲಿ ಚುಚ್ಚುತ್ತೆ," ಎಂದಳಂತೆ. ಎಲ್ಲಿ ಎಂದು ಇವನು ಮೂರು ದಿನ ಹುಡುಕಿದನಂತೆ. ನಾಲ್ಕನೆಯ ದಿನ ಸಿಕ್ಕಿತು. ಐದನೆಯ ದಿನ ಇವನು ಮನೆಗೆ ಪತ್ರ ಬರೆದ. ಮದುವೆ ಅಲ್ಲೇ ಆಯಿತು. ಅತ್ತೆ ಮಂಡಿನೋವೆಂದು ಹೋಗಲಿಲ್ಲ; ನೋವು ಮದುವೆಯ ಮರುದಿನವೇ ವಾಸಿಯಾಯಿತು.

ಸೊಸೆ ಬಂದ ವಾರಕ್ಕೇ ಕಾರ್ಖಾನೆಯಲ್ಲಿ ಪಂದ್ಯ ಏರ್ಪಟ್ಟಿತು. ಪಕ್ಕದ ಕನ್ನಡಕದ ಅಂಗಡಿಯವರಿಗೆ ಒಂದು ಸ್ಟೂಲು ಬೇಕಿತ್ತು. ಅದರ ಮಣೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅರ್ಧ ಎಲೆಗೆ, ಅರ್ಧ ಚರ್ಮಕ್ಕೆ ಎಂದು ನಮ್ಮನೆಯವರು ತೀರ್ಮಾನಿಸಿದರು. ಅವರಿಗೆ ಮನೆಯಲ್ಲಿ ಶಾಂತಿ ಬೇಕಿತ್ತು, ಪಾಪ. ಶಾಂತಿ ತರುವ ವಿಧಾನ ಗೊತ್ತಿರಲಿಲ್ಲ.

ಅತ್ತೆ ಒಂದು ಗೇಣು ಉಜ್ಜುವಷ್ಟರಲ್ಲಿ ಎಲೆ ಸವೆದು, ಇನ್ನೊಂದು ಎತ್ತಿಕೊಳ್ಳಬೇಕಾಗುತ್ತಿತ್ತು. ಚೋಟಕ್ಕನ ಚರ್ಮ ಒಂದೇ, ಸರಸರನೆ ಸಾಗಿತು. ಆದರೆ ತಲೆಯಿಂದ ಬಾಲದ ಕಡೆಗೆ ಸವರಿದರೆ ಅದು ಬರೀ ಜಾರುತ್ತದೆ, ಬಾಲದಿಂದ ತಲೆಯ ಕಡೆಗೆ ಸವರಿದರೆ ಮಾತ್ರ ಹಿಡಿಯುತ್ತದೆ. ಪ್ರತಿಸಲ ಕೈ ಎತ್ತಿ ಮತ್ತೆ ಇಡಬೇಕು.

"ಒಂದು ಕಡೆಯಿಂದ ನಯ, ಇನ್ನೊಂದು ಕಡೆಯಿಂದ ಗರಗಸ," ಎಂದರು ಅತ್ತೆ. "ಯಾರಂಗೋ ಇದೆ."

"ಎರಡೂ ಕಡೆಯಿಂದ ಒರಟಾಗಿರೋದಕ್ಕಿಂತ ವಾಸಿ ಅಲ್ವಾ ಅತ್ತೆ?" ಎಂದಳು ಚೋಟಕ್ಕ, ತಲೆ ಎತ್ತದೆ.

ನಾನು ಹೊಟ್ಟು ಗುಡಿಸುವ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದೆ.

ತೀರ್ಪು ಹೇಳಲು ಕನ್ನಡಕದವರು ಬಂದರು. ತೆಳ್ಳನೆಯ, ಎಲ್ಲದಕ್ಕೂ ಎರಡು ಸಲ ಕೆಮ್ಮುವ ಮನುಷ್ಯ. ಮಣೆಯ ಎರಡು ಬದಿಯನ್ನೂ ಸವರಿ ನೋಡಿ ಏನೂ ತಿಳಿಯದೆ, ಜೇಬಿನಿಂದ ದಪ್ಪ ಭೂತಕನ್ನಡಿ ತೆಗೆದರು. ಮಣೆ ನೋಡಿದರು. ಆಮೇಲೆ ಕುತೂಹಲ ತಡೆಯದೆ ಎಲೆಯನ್ನೂ ಚರ್ಮವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನೋಡುತ್ತಲೇ ಇದ್ದರು.

"ಏನಾದ್ರೂ ಹೇಳಿ ಸ್ವಾಮಿ," ಎಂದರು ಅತ್ತೆ.

"ಎಲೆ ಮೇಲೆ ಸಣ್ಣ ಸಣ್ಣ ಮುಳ್ಳಿನಂಥ ಕೂದಲಿವೆ. ಚರ್ಮದ ಮೇಲೆ ಸಣ್ಣ ಸಣ್ಣ ಹಲ್ಲಿವೆ." ಅವರು ಎರಡು ಸಲ ಕೆಮ್ಮಿದರು. "ತಪ್ಪು ತಿಳ್ಕೋಬೇಡಿ. ನನಗೆ ಎರಡೂ ಒಂದೇ ಮನೆತನದ ಹಾಗೆ ಕಾಣ್ತಿವೆ."

ಅತ್ತೆಗೂ ಸೊಸೆಗೂ ಆ ದಿನ ಮೊದಲ ಬಾರಿ ಒಮ್ಮತವಾಯಿತು. ಇಬ್ಬರೂ ಒಟ್ಟಿಗೆ ಅವರ ಮೇಲೆ ಮುಗಿಬಿದ್ದರು. ಭೂಮಿಯಲ್ಲಿ ಬೇರು ಬಿಟ್ಟು ನಿಂತದ್ದಕ್ಕೂ ಸಮುದ್ರದ ತಳದಲ್ಲಿ ಏಡಿ ತಿಂದುಕೊಂಡಿರುವುದಕ್ಕೂ ಎಲ್ಲಿಯ ಸಂಬಂಧ ಎಂದು ಇಬ್ಬರೂ ಕೇಳಿದ ರೀತಿಗೆ ಕನ್ನಡಕದವರು ಸ್ಟೂಲನ್ನು ಬಗಲಲ್ಲಿ ಇಟ್ಟುಕೊಂಡು ಹಿಮ್ಮೆಟ್ಟಿದರು.

ಹೀಗೆ ವರ್ಷವೊಂದು ಕಳೆಯಿತು. ಮನೆ ಎರಡು ಪಕ್ಷವಾಯಿತು ಎಂದು ಹೇಳಿದರೆ ತಪ್ಪಾಗುತ್ತದೆ; ಅತ್ತೆಯದು ಒಂದು ಪಕ್ಷ, ಚೋಟಕ್ಕನದು ಒಂದು ಪಕ್ಷ, ಉಳಿದ ನಾವೆಲ್ಲ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡು ಉಣ್ಣುವ ಪಕ್ಷ. ಚೋಟಕ್ಕ ಒರಟು ಹಲಗೆ ಉಜ್ಜಬಹುದು, ಆದರೆ ಗಿರಾಕಿಯ ಕೈ ತಾಕುವ ಜಾಗಕ್ಕೆ ಚರ್ಮ ಸೋಕಬಾರದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಮನೆಯಲ್ಲಿ ಏನೇ ಕೆಟ್ಟರೂ ತಪ್ಪು ಚೋಟಕ್ಕನದೇ. ಹಾಲು ಉಕ್ಕಿದರೆ ಚೋಟಕ್ಕ. ಬಾಗಿಲು ಕಿರುಗುಟ್ಟಿದರೆ ಚೋಟಕ್ಕ. ನನಗೆ ಅದು ಹಿತವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅವಳು ಬರುವವರೆಗೆ ಆ ಜಾಗ ನನ್ನದಾಗಿತ್ತು.

ಆಗ ಬಂತು ಊರಿನ ಗ್ರಂಥಾಲಯದ ಕೆಲಸ. ಮೂರು ಮಹಡಿಯ ಕಟ್ಟಡ. ಮೆಟ್ಟಿಲ ಹಳೆಯ ರೇಲಿಂಗಿನ ಸಿಬಿರು ಓದುಗರೊಬ್ಬರ ಅಂಗೈಗೆ ಹೊಕ್ಕು ದೊಡ್ಡ ರಾದ್ಧಾಂತವಾಗಿತ್ತು. ಹೊಸ ರೇಲಿಂಗು ಮರದ್ದೇ ಆಗಬೇಕು, ಕೈ ಜಾರಿಸಿಕೊಂಡು ಇಳಿದರೆ ಬೆಣ್ಣೆಯ ಹಾಗಿರಬೇಕು ಎಂದು ಗ್ರಂಥಪಾಲಕಿ ಬಂದು ಹೇಳಿದರು. ಗಡುವು ನಲವತ್ತೈದು ದಿನ. ನಮ್ಮ ಕಾರ್ಖಾನೆ ಅಷ್ಟು ದೊಡ್ಡ ಕೆಲಸ ಕಂಡಿರಲಿಲ್ಲ. ನಮ್ಮನೆಯವರು ಒಪ್ಪಿಕೊಂಡು, ಆಮೇಲೆ ಹೆದರಿದರು.

ಅದು ಎಲೆ ಉದುರುವ ಕಾಲ. ಅಂಗಳದ ಮರ ಬರೀ ಕಡ್ಡಿಯಾಗಿ ನಿಂತಿತ್ತು. ಅದಕ್ಕೇನೂ ಚಿಂತೆಯಿರಲಿಲ್ಲ, ಪ್ರತಿ ವರ್ಷ ಅತ್ತೆ ಮಳೆಗಾಲಕ್ಕೆ ಮೊದಲೇ ಎಲೆ ಕೊಯ್ದು ಒಣಗಿಸಿ ನಾಲ್ಕು ಗೋಣಿಚೀಲ ತುಂಬಿಸಿಡುತ್ತಿದ್ದರು. ಆ ಚೀಲಗಳನ್ನು ಅಟ್ಟಕ್ಕೆ ಏರಿಸುವ ಕೆಲಸ ನನ್ನದು. ಆ ವರ್ಷ ನಾನು ಅವನ್ನು ಅಟ್ಟದ ಎಡಮೂಲೆಯಲ್ಲಿ ಇಟ್ಟಿದ್ದೆ. ಎಡಮೂಲೆಯ ಹೆಂಚು ಒಡೆದಿರುವುದು ನನಗೆ ಗೊತ್ತಿತ್ತು. ಬಲಮೂಲೆಗೆ ಹೋಗಬೇಕಾದರೆ ಹಳೆಯ ತೊಟ್ಟಿಲು, ಮುರಿದ ಕುರ್ಚಿ ಎಲ್ಲ ಸರಿಸಬೇಕಿತ್ತು, ಸೋಮಾರಿತನ ಮಾಡಿದೆ.

ಚೀಲ ಇಳಿಸಿ ಬಾಯಿ ಬಿಚ್ಚಿದಾಗ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ನಾಲ್ಕೂ ಚೀಲದ ಎಲೆ ಕೊಳೆತು ಕಪ್ಪು ಮುದ್ದೆಯಾಗಿತ್ತು. ಅತ್ತೆ ಒಂದು ಹಿಡಿ ಎತ್ತಿ ಹಿಂಡಿದರು, ನೀರಿಳಿಯಿತು.

"ಯಾರು ಇಟ್ಟಿದ್ದು ಇದನ್ನ ಸೋರೋ ಜಾಗದಲ್ಲಿ?"

ಅವರ ದನಿ ಏರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಹೇಳಬೇಕು ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಪಕ್ಕದಿಂದ ಮಾತು ಬಂತು.

"ನಾನೇ ಅತ್ತೆ," ಎಂದಳು ಚೋಟಕ್ಕ.

ಅತ್ತೆ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಯಾಕೆ ಹಾಗಂದೆ? ನಿನಗೆ ಗೊತ್ತಿತ್ತಲ್ಲ, ಇಟ್ಟಿದ್ದು ನಾನು ಅಂತ!"

"ಗೊತ್ತಿತ್ತು ಅಕ್ಕ. ನನ್ನ ಲೆಕ್ಕಕ್ಕೆ ಇನ್ನೊಂದು ಸೇರಿದ್ರೆ ಏನಾಯ್ತು? ನನಗೆ ಅಭ್ಯಾಸ ಆಗಿದೆ. ನಿಮಗೆ ಅಭ್ಯಾಸ ತಪ್ಪಿಹೋಗಿದೆ," ಎಂದು ನಕ್ಕಳು. ನಗುವುದೇ ಅವಳು! ನನಗೆ ಅಳು ಬಂತು, ಒಲೆಯ ಹೊಗೆ ಎಂದೆ. ಒಲೆ ಉರಿಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ನಮ್ಮನೆಯವರ ಮುಂದೆ ನಿಂತು, "ಭಾವ, ರೇಲಿಂಗಿಗೆ ಚರ್ಮ ಆಗುತ್ತೆ. ನಮ್ಮಮ್ಮ ಎತ್ತಿಟ್ಟಿರ್ತಾರೆ, ಹೋಗಿ ತರ್ತೀನಿ," ಎಂದಳು. ಬೇರೆ ದಾರಿಯಿರಲಿಲ್ಲ. ಅವರು ಅತ್ತೆಯ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು. ನಾನೂ ಹೊರಟೆ. ಯಾರೂ ಕರೆದಿರಲಿಲ್ಲ.

ಬಂದರಿನ ಊರಿಗೆ ಬಸ್ಸಿನಲ್ಲಿ ಮೂರು ಗಂಟೆ. ಅವಳ ತಾಯಿ ಮಗಳಿಗಿಂತಲೂ ಗಿಡ್ಡ, ನನ್ನನ್ನು ನೋಡಲು ಕತ್ತೆತ್ತಿ, "ನಿಮ್ಮನೇಲಿ ಎಲ್ಲರೂ ಇಷ್ಟು ಉದ್ದ ಯಾಕೆ?" ಎಂದು ಕೇಳಿದರು. ಮೀನಿನ ಮಾಂಸ ಮಾರಾಟಕ್ಕೆ ಹೋಗುತ್ತದೆ, ಚರ್ಮವನ್ನು ಯಾರೂ ಕೇಳುವುದಿಲ್ಲ, ಅದನ್ನು ಎಸೆಯುತ್ತಾರೆ. ಎಸೆಯುವ ಮೊದಲು ಈಕೆ ಎತ್ತಿಕೊಂಡು ಉಪ್ಪು ಹಚ್ಚಿ ಹಲಗೆಗೆ ಮೊಳೆ ಹೊಡೆದು ಒಣಗಿಸುತ್ತಾರೆ. ನಲವತ್ತು ಚರ್ಮ ಸಿಕ್ಕವು.

ಹಿಂದಿರುಗುವಾಗ ಬಸ್ಸು ತುಂಬಿತ್ತು. ನಾವು ಹತ್ತಿ ಕಟ್ಟನ್ನು ಕಾಲಬಳಿ ಇಟ್ಟ ಹತ್ತು ನಿಮಿಷಕ್ಕೆ ನಮ್ಮ ಮುಂದಿನ ಸೀಟು ಖಾಲಿಯಾಯಿತು, ಆಮೇಲೆ ಹಿಂದಿನದು. ಕಂಡಕ್ಟರ್ ಮೂಗಿಗೆ ಕರ್ಚೀಫು ಹಿಡಿದು ಬಂದ.

"ಏನಮ್ಮಾ ಅದರಲ್ಲಿ?"

"ಗ್ರಂಥಾಲಯದ ಸಾಮಾನು," ಎಂದಳು ಚೋಟಕ್ಕ. ಅದು ಸತ್ಯವೇ ಆಗಿತ್ತು. ಕಂಡಕ್ಟರ್ ಇನ್ನು ಓದುವ ಗೊಡವೆಯೇ ಬೇಡ ಎನ್ನುವ ಮುಖ ಮಾಡಿಕೊಂಡು ಹೋದ. ಮೂರು ಗಂಟೆ ನಾವಿಬ್ಬರೂ ಕಾಲು ಚಾಚಿಕೊಂಡು ಕೂತು ಬಂದೆವು. ಆ ದಾರಿಯಲ್ಲಿ ನಾನು ಅವಳೊಡನೆ ಆಡಿದಷ್ಟು ಮಾತು ಅದಕ್ಕೆ ಮೊದಲು ಯಾರೊಡನೆಯೂ ಆಡಿರಲಿಲ್ಲ.

ಕೆಲಸ ಗ್ರಂಥಾಲಯದಲ್ಲೇ ನಡೆಯಿತು. ನಮ್ಮನೆಯವರೂ ಮೈದುನನೂ ಪಟ್ಟಿಗಳನ್ನು ಕೂರಿಸುತ್ತಾ ಮೇಲೇರಿದರು, ಅವರ ಹಿಂದೆ ಚೋಟಕ್ಕ, ಅವಳ ಹಿಂದೆ ಪುಡಿ ಒರೆಸುತ್ತಾ ನಾನು. ಮೂರು ಮಹಡಿಯ ನೇರ ಪಟ್ಟಿಯನ್ನು ಅವಳು ಹದಿನೆಂಟು ದಿನದಲ್ಲಿ ಮುಗಿಸಿದಳು. ಮೇಲಿನ ತುದಿಯಲ್ಲಿ ಕೈಯಿಟ್ಟರೆ ಅಂಗೈ ತಾನಾಗಿ ಕೆಳಗೆ ಹೋಗುತ್ತಿತ್ತು. ಓದಲು ಬಂದವರು ಓದುವುದು ಬಿಟ್ಟು ಸುಮ್ಮನೆ ಹತ್ತಿ ಇಳಿಯತೊಡಗಿದರು; ಗ್ರಂಥಪಾಲಕಿ ಕೊನೆಗೆ ಬೋರ್ಡು ಹಾಕಬೇಕಾಯಿತು.

ತೊಂದರೆ ಬಂದದ್ದು ಕೆಳಗಿನ ತುದಿಯಲ್ಲಿ. ರೇಲಿಂಗು ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಒಳಕ್ಕೆ ಸುತ್ತಿಕೊಂಡು ಮುಗಿಯುತ್ತಿತ್ತು. ಮೈದುನ ಹೆಂಡತಿಯನ್ನು ಮೆಚ್ಚಿಸಲು ತನ್ನ ಕೈಚಳಕವನ್ನೆಲ್ಲ ಅಲ್ಲಿ ಸುರಿದಿದ್ದ. ಒಣ ಚರ್ಮ ಆ ಸುರುಳಿಯೊಳಗೆ ಬಾಗಲಿಲ್ಲ. ಬಾಗಿಸಿದರೆ ಮಡಿಕೆಯಲ್ಲಿ ಬಿರಿದು ಮರಕ್ಕೆ ಗೀರು ಹಾಕಿತು. ನೆನೆಸಿ ಮೆತ್ತಗೆ ಮಾಡಿದರೆ ನೀರು ತಾಗಿ ಮರದ ಎಳೆ ಎದ್ದಿತು. ಎರಡು ದಿನ ಹೆಣಗಿದಳು. ಮೂರನೆಯ ದಿನ ಊಟದ ಡಬ್ಬಿಯನ್ನೂ ತೆರೆಯದೆ ಕೊನೆಯ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಳು. ಮೈದುನ ಅವಳಿಗೆ ಕ್ಷಮೆ ಕೇಳುವವನಂತೆ ನಿಂತಿದ್ದ. ಅಷ್ಟು ಚೆನ್ನಾಗಿ ಕೆತ್ತಿದ್ದಕ್ಕೆ ಗಂಡ ಕ್ಷಮೆ ಕೇಳುವುದನ್ನು ನಾನು ಅಲ್ಲೇ ನೋಡಿದ್ದು.

ಆ ಮರಗೆಲಸದ ಗಲಾಟೆಯಲ್ಲಿ ಅತ್ತೆಗೆ ಯಾರು ಸುದ್ದಿ ಮುಟ್ಟಿಸಿದರು? ನಾನೇ. ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿ ಎಲ್ಲ ಹೇಳಿದೆ. ಹೇಳುವಾಗ ಅದರ ಜೊತೆಗೇ ಇನ್ನೊಂದನ್ನೂ ಹೇಳಿಬಿಟ್ಟೆ. "ಅತ್ತೆ, ಚೀಲ ಎಡಮೂಲೆಲಿ ಇಟ್ಟಿದ್ದು ನಾನು. ಅವಳಲ್ಲ."

ಅತ್ತೆ ಮಂಚದ ಮೇಲೆ ಕೂತು ಉಗುರು ನೋಡಿಕೊಳ್ಳುತ್ತಿದ್ದರು. "ನಂಗೊತ್ತು," ಎಂದರು.

"ಗೊತ್ತಾ?"

"ಅಟ್ಟದ ಬಾಯಿಗೆ ಅವಳ ಕೈ ಎಟುಕುತ್ತೇನೇ? ಏಣಿ ಹತ್ತಿದ್ರೂ ಇನ್ನೊಂದು ಮೊಳ ಬೇಕು ಅವಳಿಗೆ. ಚೀಲ ಹೇಗೆ ಏರಿಸ್ತಾಳೆ?" ಅತ್ತೆ ಎದ್ದರು. "ಇಷ್ಟು ದಿನ ಕಾಯ್ತಾ ಇದ್ದೆ, ನೀನು ಯಾವಾಗ ಬಾಯಿ ಬಿಡ್ತೀಯಾ ಅಂತ. ಇಪ್ಪತ್ಮೂರು ದಿನ ತಗೊಂಡೆ."

ತಮ್ಮ ಪೆಟ್ಟಿಗೆ ತೆರೆದು, ಒಳ್ಳೆಯ ಬಟ್ಟೆಗಳ ಮಡಿಕೆಯ ನಡುವಿನಿಂದ ಎಲೆಗಳನ್ನು ತೆಗೆಯತೊಡಗಿದರು. ಒಂದೊಂದು ಮಡಿಕೆಯಲ್ಲಿ ಹತ್ತು ಹನ್ನೆರಡು. ಬಣ್ಣ ಕೆಟ್ಟಿಲ್ಲ, ಅಂಚು ಮುರಿದಿಲ್ಲ. ಒಡವೆ ಎತ್ತಿಡುವ ಹಾಗೆ ಎಷ್ಟೋ ವರ್ಷದಿಂದ ಆರಿಸಿ ಆರಿಸಿ ಎತ್ತಿಟ್ಟವು. ಇನ್ನೂರಕ್ಕೆ ಕಡಿಮೆಯಿರಲಿಲ್ಲ.

ಗ್ರಂಥಾಲಯಕ್ಕೆ ಬಂದು ಅತ್ತೆ ಮೊದಲು ರೇಲಿಂಗಿನ ಮೇಲೆ ಕೈಯಿಟ್ಟುಕೊಂಡು ಮೂರು ಮಹಡಿ ಹತ್ತಿದರು. ನಾವೆಲ್ಲ ಕೆಳಗೆ ಕತ್ತೆತ್ತಿ ನಿಂತೆವು. ಹತ್ತಿದಷ್ಟೇ ನಿಧಾನವಾಗಿ ಇಳಿದು ಬಂದರು. ಮಂಡಿನೋವಿನ ಸುದ್ದಿಯೇ ಇಲ್ಲ.

"ಎರಡನೇ ಮಹಡಿ ತಿರುವಲ್ಲಿ ಒಂದು ಕಡೆ ಚುಚ್ಚುತ್ತೆ," ಎಂದರು.

ಚೋಟಕ್ಕ ಓಡಿಹೋಗಿ ನೋಡಿ ಬಂದಳು. "ಹೌದು ಅತ್ತೆ, ಚುಚ್ಚುತ್ತೆ." ಅವಳ ಮುಖದಲ್ಲಿ ಸೋಲಿರಲಿಲ್ಲ, ಇಷ್ಟು ದಿನಕ್ಕೆ ತನ್ನ ಭಾಷೆ ಬಲ್ಲವರೊಬ್ಬರು ಸಿಕ್ಕ ಖುಷಿಯಿತ್ತು.

"ನಿನ್ನ ಹುಲ್ಲುಮೀನು ಬಾಗಲ್ಲ. ನನ್ನ ಎಲೆ ನೋಡು, ಎಲ್ಲಿ ಬೇಕಾದ್ರೂ ತೂರುತ್ತೆ. ಕೂತ್ಕೋ, ತೋರಿಸ್ತೀನಿ." ಬೆರಳ ತುದಿಗೆ ಎಲೆ ಸುತ್ತಿ ಸುರುಳಿಯೊಳಗೆ ತೂರಿಸಿದರು. ಒಂದು ಸುತ್ತು ಒಳಕ್ಕೆ ಹೋಗುವಷ್ಟರಲ್ಲಿ ಅವರ ದಪ್ಪ ಬೆರಳು ಸಿಕ್ಕಿಹಾಕಿಕೊಂಡಿತು. ಎಳೆದರು, ಬರಲಿಲ್ಲ. ಗ್ರಂಥಪಾಲಕಿ ಎಣ್ಣೆ ತರಲೇ ಎಂದು ಕೇಳಿದರು.

"ನನ್ನ ಬೆರಳು ಸಣ್ಣ ಅತ್ತೆ," ಎಂದಳು ಚೋಟಕ್ಕ, ನಗು ನುಂಗಿಕೊಂಡು.

"ಏನೋ ಒಂದಕ್ಕಾದ್ರೂ ಉಪಯೋಗಕ್ಕೆ ಬಂದೆ," ಎಂದರು ಅತ್ತೆ.

ಹಾಗೆ ಅತ್ತೆ ಎಲೆ ಆರಿಸಿ ಕೊಡುವುದು, ಚೋಟಕ್ಕ ಉಜ್ಜುವುದು. ಐದು ದಿನ. ಕೆಲಸ ಗಡುವಿಗೆ ಮೂರು ದಿನ ಮೊದಲೇ ಮುಗಿಯಿತು. ಅದಾದ ಮೇಲೆ ಅತ್ತೆ ನೆಂಟರಿಗೆಲ್ಲ ರೇಲಿಂಗನ್ನು ಎಲೆಯ ಕೆಲಸವೆಂದೂ, ಚೋಟಕ್ಕ ತೌರಿನಿಂದ ಬಂದವರಿಗೆ ಚರ್ಮದ ಕೆಲಸವೆಂದೂ ಹೇಳಿಕೊಂಡರು. ಇಬ್ಬರೂ ಒಬ್ಬರಿಗೊಬ್ಬರು ಕೇಳುವಂತೆಯೇ ಹೇಳುತ್ತಿದ್ದರು. ನನ್ನನ್ನು ಮಾತ್ರ ಇಬ್ಬರೂ "ಸೋರುವ ಮೂಲೆ" ಎಂದು ಕರೆಯತೊಡಗಿದರು. ನನಗೆ ಬೇಸರವಾಗಲಿಲ್ಲ. ಅಡ್ಡಹೆಸರು ಬಂದ ಮೇಲೇ ನಾನು ಆ ಮನೆಯವಳಾದೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಇದು ಹನ್ನೊಂದು ವರ್ಷದ ಮೇಲಿನ ಮಾತು. ಅತ್ತೆಯ ಕಣ್ಣಿನ ಚಿಕಿತ್ಸೆಗೆಂದು ನಾವು ಮೂವರೂ ದೊಡ್ಡ ಊರಿಗೆ ಹೋಗಿದ್ದೆವು. ವೈದ್ಯರು ಮಧ್ಯಾಹ್ನ ಬನ್ನಿ ಎಂದರು. ಹೊತ್ತು ಕಳೆಯಲು ಎದುರಿಗಿದ್ದ ಮತ್ಸ್ಯಾಲಯಕ್ಕೆ ಹೊಕ್ಕೆವು. ಕತ್ತಲೆ ಓಣಿಗಳು, ನೀಲಿ ಬೆಳಕಿನ ಗಾಜುಗಳು. ಒಂದು ಕಡೆ ಮೊಣಕಾಲೆತ್ತರದ ತೊಟ್ಟಿ. ಮುಟ್ಟಿ ನೋಡಬಹುದು ಎಂದು ಬರೆದಿತ್ತು. ತಳದ ಮರಳಿನ ಮೇಲೆ ಅಡ್ಡಪಟ್ಟೆಯ ಪುಟ್ಟ ಶಾರ್ಕೊಂದು ಹಾಯಾಗಿ ಮಲಗಿತ್ತು.

ಚೋಟಕ್ಕ ನಿಂತಲ್ಲೇ ನಿಂತಳು. ಬುಟ್ಟಿಯಲ್ಲಿ, ಹಲಗೆಯ ಮೇಲೆ, ಬಿಸಿಲಲ್ಲಿ ಅವಳು ಇದನ್ನು ಲೆಕ್ಕವಿಲ್ಲದಷ್ಟು ನೋಡಿದ್ದಳು. ನೀರಿನೊಳಗೆ ಅದು ತನ್ನ ಪಾಡಿಗೆ ತಾನು ಉಸಿರಾಡುವುದನ್ನು ನೋಡಿರಲಿಲ್ಲ.

"ಇದೇನಾ?" ಎಂದು ಅತ್ತೆ ಬಗ್ಗಿದರು, ಕಣ್ಣು ಮಂಜಾಗಿದ್ದರಿಂದ ಮೂಗು ನೀರಿಗೆ ತಾಗುವಷ್ಟು. "ಮಲಗೇ ಇದೆಯಲ್ಲೇ. ಹೊತ್ತು ಎಷ್ಟಾಯ್ತು ಅಂತ ಗೊತ್ತಿಲ್ವಾ ಇದಕ್ಕೆ?" ಎನ್ನುತ್ತಲೇ ಕೈ ಇಳಿಸಿ ತಲೆಯಿಂದ ಬಾಲಕ್ಕೆ ಮೆಲ್ಲಗೆ ಸವರಿದರು. ಅದು ಅಲುಗಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಬಾಲದಿಂದ ತಲೆಗೆ ಸವರಹೋದರು.

"ಅಜ್ಜೀ, ಹಿಂದಕ್ಕೆ ಉಜ್ಜಬೇಡಿ!" ಎಂದು ತೊಟ್ಟಿ ಕಾಯುತ್ತಿದ್ದ ಹೆಂಗಸು ಓಡಿ ಬಂದಳು. ಅವಳು ಒಳ್ಳೆಯವಳು, ಬೈಯಲಿಲ್ಲ, ವಿವರಿಸಿದಳು. ಗಾಜಿನ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದ ಮೊಟ್ಟೆ ತೋರಿಸಿದಳು. ಚರ್ಮದ ಚೀಲದ ಹಾಗಿತ್ತು, ಹಿಂದಿನ ಬೆಳಕಿನಲ್ಲಿ ಒಳಗೆ ಮರಿ ಹೊರಳುವುದು ಕಾಣುತ್ತಿತ್ತು. ಒಂದು ಸಲಕ್ಕೆ ಎರಡೇ ಮೊಟ್ಟೆ, ಮರಿ ಹೊರಬರಲು ತಿಂಗಳುಗಟ್ಟಲೆ ಬೇಕು, ಈಗೀಗ ಸಮುದ್ರದಲ್ಲೂ ಕಡಿಮೆಯಾಗುತ್ತಿವೆ ಎಂದಳು.

ಚೋಟಕ್ಕ ಇನ್ನೊಮ್ಮೆ ಆ ಮೊಟ್ಟೆಯ ಹತ್ತಿರ ಬಗ್ಗಿ ನೋಡಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಕಣ್ಣು ಒರೆಸಿಕೊಳ್ಳುತ್ತಾ, "ನಲವತ್ತು ಅಕ್ಕ," ಎಂದಳು. "ಆ ರೇಲಿಂಗಿಗೆ ನಲವತ್ತು. ಅತ್ತೆಯ ಮರದ ಎಲೆ ಕಿತ್ತರೆ ಮತ್ತೆ ಚಿಗುರುತ್ತೆ. ಇದು ಚಿಗುರುತ್ತಾ?"

ನಾನು ಅತ್ತೆಯ ಕಡೆ ನೋಡಿದೆ. ಹನ್ನೆರಡು ವರ್ಷದಿಂದ ಅವರು ಕಾಯುತ್ತಿದ್ದ ಮಾತು ಇದು. ಸೊಸೆ ತಾನಾಗಿ ಸೋಲೊಪ್ಪಿಕೊಂಡು ಗೆಲುವನ್ನು ಕಾಲಬಳಿ ಇಟ್ಟಿದ್ದಾಳೆ, ಎತ್ತಿಕೊಳ್ಳುವುದೊಂದೇ ಬಾಕಿ. ಅತ್ತೆ ಎತ್ತಿಕೊಳ್ಳಲಿಲ್ಲ.

"ಹುಚ್ಚಿ," ಎಂದರು. "ನೀನೇನು ಹಿಡಿದು ತಂದೆಯಾ? ತಿಪ್ಪೆಗೆ ಹೋಗೋ ಚರ್ಮ ನಿಮ್ಮಮ್ಮ ಎತ್ತಿಟ್ಟರು. ಅದರಿಂದ ಮೂರು ಮಹಡಿ ಜನ ಕೈ ಚುಚ್ಚಿಸಿಕೊಳ್ಳದೆ ಇಳೀತಾರೆ. ನನ್ನ ಎಲೆ ಒಂದರಿಂದಲೇ ಆಗ್ತಿತ್ತಾ ಆ ಕೆಲಸ? ನಲವತ್ತೈದು ದಿನದಲ್ಲಿ ಎರಡು ಮೆಟ್ಟಿಲು ಆಗ್ತಿತ್ತು." ಅತ್ತೆಯ ಬಾಯಲ್ಲಿ ಶಾರ್ಕಿನ ಪರ ವಕಾಲತ್ತು ಕೇಳಿ ಚೋಟಕ್ಕ ಅಳುವುದನ್ನು ಮರೆತು ಅವರ ಮುಖ ನೋಡಿದಳು. "ಇನ್ನು ಬೇಡ ಅನ್ನಿಸಿದ್ರೆ ಬಿಡು. ಆದ್ರೆ ಮಾಡಿದ್ದನ್ನ ಕೆಟ್ಟದ್ದು ಅನ್ನಬೇಡ."

ಅವಳು ಬಿಟ್ಟಳು. ಇದ್ದ ಚರ್ಮ ಸವೆಯುವವರೆಗೆ ಬಳಸಿದಳು, ಹೊಸದು ತರಲಿಲ್ಲ. ಊರಿಗೆ ಹೋದಾಗ ದೋಣಿಯವರ ಜೊತೆ ಕೂತು ಮಾತಾಡಿ, ಬಲೆಗೆ ಬಿದ್ದ ಈ ಪುಟ್ಟ ಶಾರ್ಕು ಜೀವಂತ ಇದ್ದರೆ ನೀರಿಗೆ ಬಿಡಿ ಎಂದು ಗಂಟುಬಿದ್ದು ಹೇಳುತ್ತಾಳೆ. ಅದು ನೀರಿನಾಚೆ ಬಹಳ ಹೊತ್ತು ಉಸಿರು ಹಿಡಿದಿರುವ ಗಟ್ಟಿ ಪಿಂಡ. ಕೆಲವರು ಬಿಡುತ್ತಾರೆ, ಕೆಲವರು ಬಿಟ್ಟೆವು ಎನ್ನುತ್ತಾರೆ.

ಕಣ್ಣಿನ ಚಿಕಿತ್ಸೆಯಾಗಿ ಅತ್ತೆಗೆ ಮರ ಹತ್ತಬಾರದೆಂದು ವೈದ್ಯರು ಹೇಳಿದ ಮೇಲೆ, ಎಲೆ ಕೊಯ್ಯುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂತು. ಹಿರಿಯಳು ನಾನು, ಉದ್ದವೂ ನಾನೇ. ಅತ್ತೆ ನನ್ನನ್ನು ದಾಟಿ ಚೋಟಕ್ಕನನ್ನು ಕರೆದರು. ಅಂದು ಬೆಳಿಗ್ಗೆ ಮೈದುನ ಅವಳಿಗೆಂದೇ ಹೊಸ ಏಣಿ ಮಾಡಿಕೊಟ್ಟ, ಮಾಮೂಲಿಗಿಂತ ಮೂರು ಮೆಟ್ಟಿಲು ಹೆಚ್ಚು. ಅವಳು ತುದಿಯವರೆಗೆ ಹತ್ತಿ ಕೊಂಬೆಗಳ ನಡುವೆ ಮಾಯವಾದಳು. ಎಲೆಗಳು ಒಂದೊಂದಾಗಿ ಕೆಳಗೆ ಬೀಳತೊಡಗಿದವು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕೆಳಗೆ ಏಣಿ ಹಿಡಿದು ನಿಂತಿದ್ದರು. ಹಿಡಿದ ಕೈಯನ್ನು ಹಾಗೇ ಒಂದು ಸಲ ಮೇಲೆ ಕೆಳಗೆ ಸವರಿ, ಮೈದುನನನ್ನು ಕೂಗಿ ಕರೆದರು.

"ಯಾರೋ ಇದನ್ನ ಉಜ್ಜಿದ್ದು? ಚುಚ್ಚುತ್ತೆ."